ಬಿಳಿ ರಾಕೆಟ್ಟಿಗೆ ಹಚ್ಚಿದ ವಿಭೂತಿ

ಶಶಿಕಲಾಳ ಕೆಲಸ ಕೆಡಿಸಿದವಳು ನಾನು. ಬೈಸಿಕೊಂಡವಳು ಅವಳು. ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಹೇಳಲಿಲ್ಲ.

ಶಶಿ ನನ್ನ ನಾದಿನಿ. ಆಗಿನ್ನೂ ಮದುವೆಯಾಗಿರಲಿಲ್ಲ, ಆಳಂದದಲ್ಲಿ ನಮ್ಮ ಜೊತೆಗೇ ಇದ್ದಳು. ನನ್ನ ಯಜಮಾನರಿಗೆ ರಾಕೆಟ್ಟಿನ ಪುಟ್ಟ ಮಾದರಿ ಕಟ್ಟುವ ಹುಚ್ಚು. ಅಣ್ಣ-ತಂಗಿ ಇಬ್ಬರೂ ಊಟ ಮರೆತು ಕೂಡುತ್ತಿದ್ದರು. ಧ್ವಜ, ಅಕ್ಷರ, ಗೆರೆಗಳನ್ನು ಯಜಮಾನರು ಕಂಪ್ಯೂಟರಿನಲ್ಲಿ ಬರೆದು ಡೀಕಾಲ್ ಎಂಬ ಅಂಟುಚಿತ್ರದ ಕಾಗದದ ಮೇಲೆ ಪ್ರಿಂಟ್ ತೆಗೆಯುವರು. ನೀರು ಬಿದ್ದರೆ ಬಣ್ಣ ಹರಡಬಾರದೆಂದು ಅದಕ್ಕೆ ವಾರ್ನಿಷ್ ಹೊಡೆಯುವುದು ಶಶಿಯ ಕೆಲಸ. ಒಣಗಿದ ಮೇಲೆ ನೀರಲ್ಲಿ ನೆನೆಸಿದರೆ ಚಿತ್ರ ಕಾಗದ ಬಿಟ್ಟು ಜಾರುತ್ತದೆ. ಅದನ್ನು ಮೆಲ್ಲಗೆ ರಾಕೆಟ್ಟಿನ ಮೈಮೇಲೆ ಕೂಡಿಸುವುದು.

ಒಂದು ಬೆಳಿಗ್ಗೆ ಹೊಸದೊಂದು ದೊಡ್ಡ ಬಿಳಿ ರಾಕೆಟ್ಟನ್ನು ಡೀಕಾಲ್ ಕೂಡಿಸಲೆಂದು ಅವರು ಚೊಕ್ಕಟ ಒರೆಸಿ, ಬಟ್ಟೆ ಮುಚ್ಚಿಟ್ಟು ಸ್ನಾನಕ್ಕೆ ಹೋಗಿದ್ದರು. ನಮ್ಮಲ್ಲಿ ಹೊಸದೇನು ಬಂದರೂ ಮೊದಲು ವಿಭೂತಿ—ಮಿಕ್ಸಿಗೂ ಹಚ್ಚಿದ್ದೇನೆ, ಅವರ ಪ್ರಿಂಟರಿಗೂ. ಪೂಜೆ ಮುಗಿಸಿ ಬಂದವಳು ಬಟ್ಟೆ ಸರಿಸಿ ಮೂರು ಬೆರಳಿನಿಂದ ಎಳೆದೆ. ಬಿಳಿಯ ಮೇಲೆ ಬಿಳಿ—ನನಗೇ ಕಾಣಲಿಲ್ಲ, ಅವರಿಗೆಲ್ಲಿ...

ಮಧ್ಯಾಹ್ನ ಇಬ್ಬರೂ ಕೂತು ಡೀಕಾಲ್ ಕೂಡಿಸಿದರು. ಸಂಜೆ ಹೊತ್ತಿಗೆ ಅದರ ಕೆಳಗೆಲ್ಲ ಗುಳ್ಳೆ. ಬೆರಳು ತಾಕಿದ್ದೇ ಧ್ವಜ ಹಪ್ಪಳದ ಹಾಗೆ ಎದ್ದು ಬಂತು.

“ವಾರ್ನಿಷ್ ದಪ್ಪ ಹೊಡದೀದಿ ನೀ. ಯಾವಾಗ್ಲೂ ಅವಸರಾ!”

“ತೆಳ್ಳಗೇ ಹೊಡದೀನಿ ಅಣ್ಣಾ.”

“ಮತ್ತ ನಾ ಕೆಡಿಸೀನೇನು? ಇನ್ನ ನನ್ನ ಸಾಮಾನು ಮುಟ್ಟಬ್ಯಾಡ.”

ಉದುರಿದ ಚೂರು ಗುಡಿಸಿದವಳು ನಾನೇ. ಒಂದನ್ನು ತಿರುಗಿಸಿದೆ—ಬೆನ್ನಿಗೆ ವಿಭೂತಿ ಮೆತ್ತಿಕೊಂಡಿತ್ತು, ಅದಕ್ಕೇ ಹಿಡಿದಿರಲಿಲ್ಲ. ಆಗಲೇ ಬಾಯಿ ಬಿಡಬೇಕಿತ್ತು. ಶಶಿ ಬಾಗಿಲಲ್ಲೇ ನಿಂತಿದ್ದಳು—ನಾನು ಅವಳ ಪಕ್ಕದಿಂದಲೇ ಹಾಯ್ದು ಹೋಗಿ ಚೂರುಗಳನ್ನು ಬಚ್ಚಲ ಒಲೆಗೆ ಹಾಕಿದೆ.

ಆಮೇಲೆ ಅವಳು ಅಫಜಲಪುರಕ್ಕೆ ಮದುವೆಯಾಗಿ ಹೋದಳು. ಬರುತ್ತಾಳೆ, ಉಣ್ಣುತ್ತಾಳೆ, ಅಣ್ಣನ ಆ ಕೋಣೆಗೆ ಮಾತ್ರ ಕಾಲಿಡುವುದಿಲ್ಲ. ಅವರ ರಾಕೆಟ್ಟುಗಳೂ ಬೋಳಾಗೇ ನಿಂತವು. ಮೊನ್ನೆ ಹಳೆಯ ಡೀಕಾಲ್ ಕಾಗದ ಕೈಗೆ ಸಿಕ್ಕಿದಾಗ, “ಶಶಿ ಇದ್ದಿದ್ರ...” ಎಂದು ಅದನ್ನು ಹಾಗೇ ಒಳಗಿಟ್ಟರು. ಮರುದಿನವೇ ನಾನು ಬಸ್ಸು ಹತ್ತಿದೆ.

ಶಶಿ ಪುಂಡಿಪಲ್ಯದ ಸೊಪ್ಪು ಬಿಡಿಸುತ್ತ ಕುಳಿತಿದ್ದಳು. ಎಲ್ಲ ಹೇಳಿದೆ. ಅವಳ ಕೈ ನಿಂತಿತು.

“ವೈನಿ, ರಾಕೆಟ್ಟಿಗೂ ವಿಭೂತಿ ಹಚ್ಚಿದ್ರೇನ್ರಿ!” ಎಂದು ನಕ್ಕಳು—ಕಣ್ಣು ತುಂಬಿತ್ತು. “ನನ್ನ ಕೈ ಮ್ಯಾಲೆ ನನಗ ಸಂಶಯ ಬಂದಿತ್ರಿ. ಅಣ್ಣಗ ಹೇಳ್ರಿ. ಈಗೇ ಹೇಳ್ರಿ.”

ಅಲ್ಲೇ ಫೋನ್ ಹಚ್ಚಿದೆ. ಅವರು ಕೊನೆಯವರೆಗೆ ಕೇಳಿಸಿಕೊಂಡರು. ಆಮೇಲೆ, “ಫೋನ್ ಆಕಿ ಕೈಯಾಗ ಕೊಡು” ಎಂದರು.

“ಹೂಂ... ಇರಲಿ ಬಿಡು ಅಣ್ಣಾ... ಐತಾರ ಬರ್ತೀನಿ. ವಾರ್ನಿಷ್ ನಾನೇ ಹೊಡಿತೀನಿ, ನೀ ಬರೇ ನೋಡ್ಕೋತ ಕೂಡು.”

ಹಿಂದಿರುಗುವಾಗ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದೆ—ಬಸ್ಸಿನಲ್ಲಿ ಕಣ್ಣು ಮುಚ್ಚುವವಳಲ್ಲ ನಾನು. ಮನೆಯಲ್ಲಿ ಅವರು ಬೈದರೆ ಬೈಯಲಿ. ‘ಭಕ್ತಿಯಿಂದ ಹಚ್ಚಿದ್ದೆ’ ಎನ್ನುವ ಮಾತನ್ನು ಮಾತ್ರ ನಾನು ಆಡುವುದಿಲ್ಲ. ಹಚ್ಚಿದ್ದಕ್ಕೆ ಅದು ಉತ್ತರವಾದೀತು. ಚೂರುಗಳನ್ನು ಒಲೆಗೆ ಹಾಕಿದ್ದಕ್ಕೆ ಅದು ಉತ್ತರವಲ್ಲ.