ಬಲೆಗೆ ತೂಗುಹಾಕಿದ ಸೂಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜಪಾನಿನ ಮತ್ಸುಯಾಮಾದ ಬೆಳ್ಳಕ್ಕಿ ಬೇಸ್‌ಬಾಲ್ ತಂಡದ ಮೈದಾನದ ಹಿಂದೆ, ಪಿಚರ್‌ಗಳು ಎಸೆತ ಪಳಗಿಸುವ ತಗಡಿನ ಶೆಡ್ಡಿನಿಂದ ಆಗಲೇ ಸದ್ದು ಬರುತ್ತಿದೆ. ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುತ್ತಿರುವವರು ಶಿಗೆಕಿ ಓನೋಡೆರಾ, ತಂಡದ ಎರಡನೇ ಕ್ಯಾಚರ್. ಅವರ ಹಿಂದಿನ ಬಲೆಗೆ ಕಪ್ಪು ಸೂಟೊಂದು ತೂಗುತ್ತಿದೆ. ಎದುರಿನಿಂದ ಎಸೆಯುತ್ತಿರುವ ಎಳೆಯ ಪಿಚರ್ ಹಯಾಮಿ ಅದನ್ನು ಕಂಡೂ ಕಾಣದವನ ಹಾಗಿದ್ದಾನೆ.

ಶರತ್ಕಾಲದ ಸೂಟೆಂದರೆ ಏನೆಂದು ಇಲ್ಲಿ ಎಲ್ಲರಿಗೂ ಗೊತ್ತು. ಪಂದ್ಯಗಳೆಲ್ಲ ಮುಗಿದ ಮೇಲೆ ಕಚೇರಿಯಿಂದ ಫೋನ್ ಬರುತ್ತದೆ. ‘ನಾಳೆ ಸೂಟ್ ಹಾಕಿಕೊಂಡು ಬನ್ನಿ’ ಎಂದರೆ ಆಟಗಾರನಿಗೆ ತಂಡದ ಅನ್ನದ ಋಣ ತೀರಿತೆಂದೇ ಅರ್ಥ. ಯಾರೂ ಬಿಡಿಸಿ ಹೇಳುವುದಿಲ್ಲ. ಓನೋಡೆರಾಗೆ ಆ ಫೋನ್ ನಿನ್ನೆ ಸಂಜೆ ಬಂದಿದೆ. ಹೆಂಡತಿ ಸಾಯಕಾ ಸೂಟು ಕೊಡವಿ, ಎರಡು ಅನ್ನದುಂಡೆ ಕಟ್ಟಿ ಕೊಟ್ಟಿದ್ದಾರೆ.

ಹತ್ತು ಗಂಟೆಗೆ ಕಚೇರಿಗೆ ಹೋಗಬೇಕಾದ ಮನುಷ್ಯ ನಸುಕಿಗೇ ಬಂದು ಕೂತಿರುವುದಕ್ಕೆ ಕಾರಣ ಹಯಾಮಿ. ಮೊಣಕೈ ಆಪರೇಷನ್ ಆದ ಮೇಲೆ ಅವನು ಪೂರ್ತಿ ಜೋರಿನಿಂದ ಎಸೆಯಬೇಕಾದ ಮೊದಲ ದಿನ ಇದು.

“ನನ್ನ ಹಣೆಬರಹ ಹತ್ತಕ್ಕೆ ಗೊತ್ತಾಗುತ್ತೆ. ಅವನ ಕೈ ಅಲ್ಲೀವರೆಗೆ ಯಾಕೆ ಕಾಯ್ಬೇಕು?” ಎಂದು ವರದಿಗೆ ಬಂದ ನಮ್ಮನ್ನು ಕೇಳುತ್ತಾರೆ ಓನೋಡೆರಾ.

ಉವಾಜಿಮಾದ ಮೀನುಗಾರರ ಮನೆಯ ಈ ಮಗ ಇಷ್ಟು ವರ್ಷ ಬದುಕಿರುವುದು ಮೊದಲನೇ ಕ್ಯಾಚರನ ನೆರಳಲ್ಲಿ. ಆ ಪುಣ್ಯಾತ್ಮನಿಗೆ ನೆಗಡಿಯೂ ಆಗುವುದಿಲ್ಲ, ಇವರಿಗೆ ಆಡುವ ಸರದಿಯೂ ಬರುವುದಿಲ್ಲ. ಓನೋಡೆರಾ ಅವರ ಖಾಯಂ ಕ್ಷೌರಿಕ ತಂಡದ ದೊಡ್ಡ ಅಭಿಮಾನಿ. ಗೋಡೆಯ ಮೇಲೆ ತಂಡದ ಫೋಟೊ ಇದೆ, ಅದರಲ್ಲಿ ಓನೋಡೆರಾ ಕೂಡ ಇದ್ದಾರೆ. ಆದರೂ ಪ್ರತಿ ಸಲ ಆತ ಕೇಳುವುದು, ನಿಮ್ಮದು ಮೂಟೆ ಹೊರುವ ಕೆಲಸವೇ ಎಂದು. ಇವರೂ ಹೌದು ಎಂದುಬಿಡುತ್ತಾರೆ.

ಓನೋಡೆರಾ ಅವರ ಹೆಬ್ಬೆರಳು ಎರಡು ಸಲ ಮುರಿದು ಸೊಟ್ಟಗಾಗಿದೆ. ಆ ಕೈಯ ಕಸುಬೆಲ್ಲ ಸದ್ದಿನಲ್ಲಿದೆ. ಚೆಂಡು ಕೈಗವಸಿನ ಸರಿಯಾದ ಗುಳಿಗೆ ಬಿದ್ದರೆ ಸಪ್ಪೆ ಎಸೆತವೂ ಸಿಡಿಲಿನಂತೆ ಕೇಳುತ್ತದೆ, ಎಸೆದವನಿಗೆ ತನ್ನ ತೋಳಿನ ಮೇಲೆ ನಂಬಿಕೆ ಹುಟ್ಟುತ್ತದೆ.

“ಸುಳ್ಳು ಹೇಳೋದೇ ನನ್ನ ಕೆಲಸ ಅನ್ನಿ. ಬಾಯಲ್ಲಿ ಹೇಳಲ್ಲ, ಅಷ್ಟೆ.”

ಇವತ್ತೂ ಅದೇ ನಡೆದಿದೆ. ಹಯಾಮಿ ಅಂಜುತ್ತ ಎಸೆಯುತ್ತಾನೆ, ಓನೋಡೆರಾ ಸದ್ದು ಕೂಡಿಸಿ ಕೊಡುತ್ತಾರೆ. ನಡುವೆ ಅವನ ಕಣ್ಣು ಸೂಟಿನ ಕಡೆ ಹೋದಾಗ, ಇಲ್ಲಿ ನೋಡು ಎಂದು ಗದರುತ್ತಾರೆ. ಕೊನೆಗೊಮ್ಮೆ ಹುಡುಗ ಹಲ್ಲು ಕಚ್ಚಿ ಎಸೆಯುತ್ತಾನೆ. ಶೆಡ್ಡಿನ ತಗಡು ಅದುರುತ್ತದೆ.

“ಅಣ್ಣಾ, ಇದೂ ನಿಮ್ದೇ ಸುಳ್ಳಾ?”

“ಇದಕ್ಕೆ ನಾನೇನೂ ಮಾಡ್ಲಿಲ್ಲ ಕಣೋ. ಕೈ ಉರೀತಿದೆ.”

ಹಯಾಮಿ ಮೊಣಕೈ ಹಿಡಿದುಕೊಂಡು ಅಲ್ಲೇ ಕುಸಿದು ಕೂರುತ್ತಾನೆ. ನೋವಿಗಲ್ಲ, ನೋವಿಲ್ಲವಲ್ಲ ಎಂಬ ಸಮಾಧಾನಕ್ಕೆ. ಓನೋಡೆರಾ ಅನ್ನದುಂಡೆಯೊಂದನ್ನು ಅವನಿಗೆ ಕೊಟ್ಟು, ಬೆವರು ಒರೆಸಿಕೊಂಡು, ಸೂಟು ತೊಟ್ಟು ಹೊರಡುತ್ತಾರೆ.

ಕಚೇರಿಯಲ್ಲಿ ಮಾತು ಬೇಗ ಮುಗಿಯುತ್ತದೆ. ಆಟಗಾರರ ಪಟ್ಟಿಯಲ್ಲಿ ಇನ್ನು ಅವರ ಹೆಸರಿಲ್ಲ. ಬಗ್ಗಿ ನಮಸ್ಕರಿಸಿ ಏಳುವಷ್ಟರಲ್ಲಿ ಮ್ಯಾನೇಜರ್ ಕೂರಿಸುತ್ತಾರೆ. ಪಿಚರ್‌ಗಳೆಲ್ಲ ಹಿಂದಿನ ವಾರವೇ ಒಟ್ಟಾಗಿ ಬಂದು ಕೇಳಿಕೊಂಡಿದ್ದಾರಂತೆ: ಓನೋಡೆರಾ ಅಣ್ಣ ಶೆಡ್ಡಿನಲ್ಲಿ ಇರಲೇಬೇಕು. ಚೆಂಡು ಹಿಡಿಯುವ ಆ ಕೆಲಸ ಈಗ ಅವರದು, ತಂಡದ ನೌಕರರಾಗಿ.

ಹೊರಗೆ ಮೆಟ್ಟಿಲ ಮೇಲೆ ಕೂತು ಟೈ ಸಡಿಲಿಸುತ್ತಾರೆ. ದುಃಖ ಬರುತ್ತದೆಂದು ಕಾಯುತ್ತಾರೆ, ಬರುವುದಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಗಿ ನಗು ಬರುತ್ತದೆ. ಮನೆಗೆ ಫೋನ್ ಮಾಡಿ ವಿಷಯ ಹೇಳಿದರೆ ಸಾಯಕಾಗೆ ಆ ದನಿಯ ಮೇಲೆ ಅನುಮಾನ.

“ರೀ, ಅಳ್ತಾ ಇದೀರಾ?”

“ಇಲ್ವೇ, ಪ್ಯಾಂಟು ಬಿಗಿ.”

ಕುಕ್ಕರುಗಾಲಲ್ಲಿ ಕೂತೂ ಕೂತೂ ದಪ್ಪಗಾಗಿರುವ ತೊಡೆಗಳು ಅವರವು. ಇನ್ನೇನಾದರೂ ಆಸೆ ಉಳಿದಿದೆಯೇ ಎಂದು ನಾವು ಕೇಳಿದರೆ ಪ್ಯಾಂಟಿನ ತೊಡೆ ಜಗ್ಗಿ ನೋಡುತ್ತಾರೆ.

“ವಸಂತಕ್ಕೆ ಹಯಾಮಿ ಮದುವೆ ಇದೆ. ಅಷ್ಟರಲ್ಲಿ ದರ್ಜಿ ಹತ್ರ ಪ್ಯಾಂಟಿನ ತೊಡೆ ಸಡಿಲ ಮಾಡಿಸ್ಬೇಕು. ಈ ಸೂಟು ಇನ್ಮೇಲೆ ಮದುವೆಗಳಿಗೆ ಮಾತ್ರ.”