ಕೈ ತೆಗೆದರೆ ಹಿಡಿಯುವ ಬ್ರೇಕು

“ಬಿಡ್ತೀನಿ.”

“ಹಿಡಿದೀನಿ.”

ಆಸ್ಪತ್ರೆಯ ಮೇಲ್ಗಡೆ, ಲಿಫ್ಟ್ ಯಂತ್ರದ ಕೋಣೆಯಲ್ಲಿ, ಬ್ರೇಕಿನ ಲಿವರ್ ಮೇಸ್ತ್ರಿಯವರ ಕೈಯಲ್ಲಿತ್ತು, ಲಿಫ್ಟನ್ನು ಕೈಯಿಂದ ಇಳಿಸುವ ಚಕ್ರ ನನ್ನ ಕೈಯಲ್ಲಿ. ಚಕ್ರ ಒಂದು ಗೇಣು ತಿರುಗಿತು, ಬ್ರೇಕು ಕಚ್ಚಿ ನಿಂತಿತು. ನಮ್ಮ ಕಾಲ ಕೆಳಗೆ, ಎರಡು ಮಹಡಿಗಳ ನಡುವೆ, ರೋಗಿಯೊಬ್ಬರನ್ನು ಶಸ್ತ್ರಚಿಕಿತ್ಸೆಗೆ ಒಯ್ಯುತ್ತಿದ್ದ ಲಿಫ್ಟ್ ಸಿಕ್ಕಿಕೊಂಡಿತ್ತು. ಸ್ಟ್ರೆಚರಿನ ಮೇಲಿದ್ದವರು ಮೇಸ್ತ್ರಿಯವರ ಹೆಂಡತಿ, ನಾವೆಲ್ಲ ‘ಅಕ್ಕ’ ಎನ್ನುತ್ತಿದ್ದವರು.

“ಮೇಸ್ತ್ರಿ, ಸ್ವಲ್ಪ ಬೇಗ.”

“ನನ್ನ ಅವಸರ ಲಿಫ್ಟಿಗೆ ಯಾಕೋ? ಬಿಡ್ತೀನಿ.”

ನಮ್ಮ ಆಸ್ಪತ್ರೆಯ ಲಿಫ್ಟುಗಳನ್ನು ಯೌವನದಿಂದ ಇಂದಿನವರೆಗೆ ಕಾಯ್ದು, ಈ ತಿಂಗಳು ನಿವೃತ್ತರಾಗುತ್ತಿರುವ ಮೇಸ್ತ್ರಿಯವರ ಬಗ್ಗೆ ಬೀಳ್ಕೊಡುಗೆಗೆಂದು ಬರೆಯಲು ಕೂತಾಗಲೆಲ್ಲ ನನ್ನ ಅಂಗೈಗೆ ಆ ಚಕ್ರವೇ ಬರುತ್ತದೆ. ‘ಬಿಡ್ತೀನಿ’ ಎಂದು ಕೂಗಿದ್ದಕ್ಕೆ ‘ಹಿಡಿದೀನಿ’ ಎಂಬ ಉತ್ತರ ಬಾರದೆ ಅವರು ಎಂದೂ ಬ್ರೇಕು ಬಿಟ್ಟದ್ದಿಲ್ಲ. “ಇವರ ಜೊತೆ ಲಿಫ್ಟ್ ಇಳಿಸೋಕ್ಕಿಂತ ಹೊಸ ಮೆಟ್ಟಿಲು ಕಟ್ಟೋದು ಬೇಗ” ಎಂದು ನಾವೇ ಆಡಿಕೊಳ್ಳುತ್ತಿದ್ದೆವು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಲಿಫ್ಟ್ ಓಡಾಡುವ ಬಾವಿಯಂಥ ಗುಂಡಿಯೊಳಗೆ ಇಣುಕಿ ನನಗೆ ತಲೆ ಸುತ್ತಿದಾಗ, ಯಾರಿಗೂ ಹೇಳದೆ, “ಇವತ್ತು ನೀನು ಬ್ಯಾಟರಿ ಹಿಡಿ, ಸಾಕು” ಎಂದು ನನ್ನನ್ನು ಉಳಿಸಿಕೊಂಡವರು ಅವರು. ಭಾನುವಾರದ ಬೆಳಗನ್ನು ಚರ್ಚಿಗೆಂದು ಬಿಡಿಸಿಕೊಂಡು, ಅದಕ್ಕೆ ಬದಲಾಗಿ ನಮ್ಮೆಲ್ಲರ ರಜೆಯ ದಿನಗಳಲ್ಲಿ ನಮ್ಮ ಪಾಳಿ ತಾವೇ ದುಡಿದವರೂ ಅವರೇ.

ಆ ಬ್ರೇಕಿನ ಗುಣ ಹೇಳಬೇಕು. ಸ್ಪ್ರಿಂಗಿನ ಬಲದಿಂದ ಅದು ಸದಾ ಹಿಡಿದೇ ಇರುತ್ತದೆ. ಲಿವರ್ ಒತ್ತಿದರೆ ಬಿಡುತ್ತದೆ, ಕೈ ತೆಗೆದರೆ ಹಿಡಿಯುತ್ತದೆ. ಹೆದರಿದ ಕೈ ಮಾತ್ರ ಉಲ್ಟಾ ಮಾಡುತ್ತದೆ, ಇನ್ನೂ ಬಿಗಿಯಾಗಿ ಒತ್ತುತ್ತದೆ.

ಆ ದಿನ ಕೆಳಗಿನಿಂದ ಅಕ್ಕನ ನರಳಾಟ ಕೇಳಿಸಿತು. ಹಿಂದೆಯೇ ನರ್ಸ್ ಕೂಗಿದಳು: “ಉಸಿರು ಎಳೀತಿದ್ದಾರೆ, ಬೇಗ ಮಾಡ್ರಿ!”

ಮೇಸ್ತ್ರಿಯವರ ಮುಷ್ಟಿ ಬಿಗಿಯಿತು. ಬ್ರೇಕು ಪೂರ್ತಿ ತೆರೆದುಕೊಂಡಿತು. ಚಕ್ರ ನನ್ನ ಕೈಯಿಂದ ಕಿತ್ತುಕೊಂಡು ತಿರುಗಿತು, ಲಿಫ್ಟಿನ ಉಕ್ಕಿನ ಹಗ್ಗಗಳು ಓಡಿದವು.

“ಮೇಸ್ತ್ರಿ, ಬಿಡಿ! ಕೈ ಬಿಡಿ!”

ಅವರಿಗೆ ಕೇಳಿಸಲಿಲ್ಲ. ಲಿವರನ್ನು ಒತ್ತಿ ಹಿಡಿದೇ ಇದ್ದರು. ಆಮೇಲೆ ಅವರ ತುಟಿ ಅಲುಗಿತು. “ಕರ್ತನೇ” ಎಂದದ್ದು ಮಾತ್ರ ಕೇಳಿಸಿತು. ಬೆರಳುಗಳು ಬಿಚ್ಚಿಕೊಂಡವು. ಬ್ರೇಕು ಕಚ್ಚಿತು.

ಅವರು ಪ್ಯಾಂಟಿಗೆ ಅಂಗೈ ಒರೆಸಿಕೊಂಡು ಮತ್ತೆ ಲಿವರ್ ಮುಟ್ಟಿದರು.

“ಬಿಡ್ತೀನಿ.”

ನಾನಿನ್ನೂ ಚಕ್ರಕ್ಕೆ ಎರಡೂ ಕೈ ಹಾಕುತ್ತಿದ್ದೆ. ಅವರು ಕಾದರು. ಅಷ್ಟಾದ ಮೇಲೂ ನನ್ನ ಉತ್ತರಕ್ಕಾಗಿ ಕಾದರು.

“ಹಿಡಿದೀನಿ.”

ಅಕ್ಕ ಶಸ್ತ್ರಚಿಕಿತ್ಸೆಗೆ ತಲುಪಿದರು, ಬದುಕಿದರು. ಮುಂದಿನ ವರ್ಷ ಅದೇ ಕಾಯಿಲೆ ಮರಳಿ ಬಂದು ತೀರಿಕೊಂಡರು. ಮಣ್ಣು ಮಾಡಿ ಬಂದ ವಾರವೇ ಮೇಸ್ತ್ರಿ ಯಂತ್ರದ ಕೋಣೆಯಲ್ಲಿ ಎಣ್ಣೆ ಹಾಕುತ್ತಿದ್ದರು. ಅವರ ಮುಖದ ಶಾಂತಿ ಕಂಡು ನನಗೆ ಸಿಟ್ಟೇ ಬಂತು.

“ನಿಮ್ಮ ದೇವರ ಮೇಲೆ ನಿಮಗೆ ಕೋಪ ಇಲ್ವಾ?”

“ಇತ್ತು. ಆಸ್ಪತ್ರೆ ಓಡಾಟದಲ್ಲಿ ದಿನಾ ಜಗಳ ಆಡ್ತಿದ್ದೆ. ಅವಳನ್ನ ನಾನೇ ಹಿಡ್ಕೊಂಡಿದೀನಿ ಅಂದ್ಕೊಂಡಿದ್ದೆ ಕಣೋ. ಹಿಡಿದಷ್ಟೂ ಜಾರ್ತಿದ್ಲು. ಕೊನೆಗೆ ಯೇಸುವಿನ ಕೈಗೆ ಬಿಟ್ಟೆ. ಅಳು ನಿಂತಿಲ್ಲ, ಭಯ ನಿಂತಿದೆ. ಆ ಬ್ಯಾಟರಿ ಕೊಡು ಇಲ್ಲಿ.”

ಅವರು ಆರೋಗ್ಯದಿಂದ ಬಹುಕಾಲ ಬಾಳಲಿ, ಇನ್ನು ಮುಂದಿನ ಭಾನುವಾರಗಳಿಗೆ ಬೆಲೆ ತೆರದೆ ಚರ್ಚಿಗೆ ನಡೆಯಲಿ ಎಂದು ನಾವೆಲ್ಲ ಹಾರೈಸುತ್ತೇವೆ. ಆದರೆ ನನಗೊಂದು ಸ್ವಾರ್ಥವೂ ಇತ್ತು. ಅವರು ಹೋದರೆ ಲಿವರ್ ನನ್ನ ಕೈಗೆ ಬರುತ್ತದೆ, ಅದಕ್ಕೆ ನನಗೆ ಭಯ. ಹಾಗಾಗಿ ಮೇಲಧಿಕಾರಿಗಳನ್ನು ಒಪ್ಪಿಸಿ, ಮೊನ್ನೆ ಯಂತ್ರದ ಕೋಣೆಗೆ ಓಡಿದೆ.

“ಇನ್ನೊಂದು ವರ್ಷ ಇರಿ ಮೇಸ್ತ್ರಿ. ಒಪ್ಪಿದ್ದಾರೆ. ಚಕ್ರ ನಾನು ತಿರುಗಿಸ್ತೀನಿ, ಲಿವರ್ ನಿಮ್ಮದೇ.”

ಅವರು ಯಂತ್ರದಿಂದ ಕಳಚಿದ ಲಿವರನ್ನು ಗೋಡೆಯ ಮೊಳೆಗೆ ನೇತುಹಾಕಿದರು.

“ಬೇಡ,” ಎಂದರು. “ನಾನು ಕೈ ತೆಗೆದಾಯ್ತು.”