ಪರದೆಯಾಚೆಯ ದಪ್ಪ ದನಿ

ಪರದೆಯ ಮೂರನೆಯ ರಿಂಗು ಕಿತ್ತುಹೋಗಿತ್ತು. ಬಟ್ಟೆ ಅಲ್ಲಿ ಇಳಿಬಿದ್ದು ಅಂಗೈ ಅಗಲದ ಸಂದಾಗಿತ್ತು. ಅದರಲ್ಲಿ ಡ್ರಮ್ಮಿನ ಅಂಚು, ಅದರ ಹಿಂದೊಂದು ಕಿಟಕಿ, ಕಿಟಕಿಯಲ್ಲಿ ಸಂಜೆಯ ಸಮುದ್ರ.

ಆ ಚಳಿಗಾಲ ಗೋವಾದಿಂದ ಗೋಕರ್ಣಕ್ಕೆ ಹೋಗುವ ಸಣ್ಣ ಬ್ಯಾಂಡುಗಳು ಕಾರವಾರದಲ್ಲಿ, ಬೈತಖೋಲದ ರಸ್ತೆಯ ಪುಟ್ಟ ಬಾರೊಂದರಲ್ಲಿ, ಭಾನುವಾರ ಸಂಜೆ ತಮ್ಮದೇ ಹಾಡುಗಳನ್ನು ಹಾಡುತ್ತಿದ್ದವು. ಮುಂದೆ ನಿಂತು ಹಾಡುವವರು ಹುಡುಗಿಯರಂತೆ ಎಂದು ಕೇಳಿ ದೊಡ್ಡಮ್ಮನ ಮಗಳು ಅಕ್ಕ ಮಲ್ಲಾಪುರದಿಂದ ಬಂದು ನನ್ನನ್ನು ಹೊರಡಿಸಿದಳು. ಬಾಗಿಲಲ್ಲೇ ವೇಟರ್, "ಲೇಡೀಸಿಗೆ ಫ್ಯಾಮಿಲಿ ರೂಮ್ ಅದೆ ಅಕ್ಕೋರೆ," ಎಂದು ಪರದೆಯ ಹಿಂದೆ ಕೂರಿಸಿದ. ಕೇಳಬಹುದಿತ್ತು, ನೋಡುವಂತಿರಲಿಲ್ಲ.

ನನ್ನ ದನಿ ದಪ್ಪ. ಗ್ಯಾಸಿಗೆ ಫೋನ್ ಮಾಡಿದರೆ "ನಾಳೆ ಕಳಿಸ್ತೇವೆ ಸಾಹೇಬ್ರೆ" ಎನ್ನುತ್ತಿದ್ದರು. ಚಿಕ್ಕವಳಿದ್ದಾಗ ಶಾಲೆಯ ಪ್ರಾರ್ಥನೆಗೆ ಹಿಂದಿನ ಸಾಲಿನಲ್ಲಿ ನಿಲ್ಲಿಸಿ, ತುಟಿ ಮಾತ್ರ ಆಡಿಸು ಎಂದಿದ್ದರು. ಎಂ.ಎಸ್ಸಿ. ಮುಗಿಸಿ ಅಂಕೋಲೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವಾಗಲೂ ಪ್ರತಿ ಬೆಳಿಗ್ಗೆ ತುಟಿ ಮಾತ್ರ ಆಡಿಸುತ್ತಿದ್ದೆ. ಹಾಡಬೇಕೆಂಬ ಆಸೆ ಯಾರಿಗೂ ಗೊತ್ತಿರಲಿಲ್ಲ.

ಮೊದಲ ಬ್ಯಾಂಡಿನ ಹುಡುಗಿಯದು ಏರುತ್ತಲೇ ಹೋಗುವ ತೆಳು ದನಿ. ಬಂಗಡೆ ಫ್ರೈ ತಿನ್ನುತ್ತ ಕೇಳಿದೆವು. ಕಿಟಕಿಯ ನೀರು ತಾಮ್ರದ ಬಣ್ಣಕ್ಕೆ ತಿರುಗುವ ಹೊತ್ತಿಗೆ ಎರಡನೆಯವರು ಶುರುಮಾಡಿದರು. ಆ ದನಿ ಕಿವಿಗಿಂತ ಮೊದಲು ಬೆಂಚಿನ ಹಲಗೆಯಿಂದ ಬೆನ್ನಿಗೆ ಬಂತು. ಗ್ಲಾಸಿನಲ್ಲಿದ್ದ ಸೋಡಾ ನಡುಗಿತು. ಪದಗಳು ತಿಳಿಯಲಿಲ್ಲ, ಕಡಲ ಭರತದ ನೀರು ಅಳಿವೆಯೊಳಗೆ ಸದ್ದಿಲ್ಲದೆ ಬರುವ ಹಾಗಿತ್ತು.

"ಈ ಹುಡುಗ ಚಲೋ ಹಾಡ್ತಾನೆ," ಎಂದಳು ಅಕ್ಕ.

ನಾನು ಸಂದಿಗೆ ಬಗ್ಗಿದೆ. ಮೈಕಿನ ಮುಂದೆ ಬರಿಗಾಲಲ್ಲಿ ನಿಂತಿದ್ದವಳಿಗೆ ನನ್ನದೇ ವಯಸ್ಸು. ಕಣ್ಣು ಮುಚ್ಚಿದ್ದಳು. ದನಿಯನ್ನು ಎಳೆದು ತೆಳುವಾಗಿಸುವ ಗೋಜಿಗೇ ಹೋಗಿರಲಿಲ್ಲ.

"ಹುಡುಗಿ," ಎಂದೆ.

"ಸುಳ್ಳು."

ಅಕ್ಕ ಸಂದಿಗೆ ಕಣ್ಣಿಟ್ಟು ನೋಡಿದಳು. "ಹೌದಲ್ಲೆ. ನಿನ್ನ ಹಂಗೇ. ಗ್ಯಾಸಿನವ್ರು ಇವಳಿಗೂ ಸಾಹೇಬ್ರೆ ಅಂತಾರೇನ."

ನಾನು ಪರದೆಯಾಚೆಗೆ ಇನ್ನೊಂದು ಸೋಡಾ ಕೂಗಿದೆ.

"ಬಂದೆ ಸಾಹೇಬ್ರೆ," ಎಂದ ವೇಟರ್.

ಅಕ್ಕ ದುಪಟ್ಟಾ ಬಾಯಿಗೊತ್ತಿಕೊಂಡಳು. ವೇಟರ್ ಪರದೆ ಸರಿಸಿ ಒಳಬಂದು, ಸಾಹೇಬರನ್ನು ಹುಡುಕಿ, ಗ್ಲಾಸಿಟ್ಟ. ಪರದೆ ಎಳೆಯಲು ಹೊರಟವನಿಗೆ, "ಹಾಗೇ ಇರಲಿ," ಎಂದೆ. ಅವನು ನಮ್ಮಿಬ್ಬರ ಮುಖ ನೋಡಿ ಬಿಟ್ಟುಹೋದ. ಉಳಿದ ಹಾಡುಗಳನ್ನು ನೋಡುತ್ತಲೇ ಕೇಳಿದೆ. ಕಿಟಕಿಯಲ್ಲಿ ಸಮುದ್ರ ಕಪ್ಪಾದ ಮೇಲೂ ಹಾಡುವವಳ ಹಣೆಯ ಮೇಲೆ ಒಂದಿಷ್ಟು ಬೆಳಕು ಉಳಿದಂತಿತ್ತು.

ಮರುದಿನ ಬೆಳಿಗ್ಗೆ ಅಂಕೋಲೆಯ ಶಾಲೆಯ ಅಂಗಳದಲ್ಲಿ ಪ್ರಾರ್ಥನೆ ಶುರುವಾದಾಗ ನಾನೂ ಹಾಡಿದೆ. ಎಂಟನೆಯ ತರಗತಿಯ ಹುಡುಗಿಯರು, ಯಾವ ಸರ್ ಹಾಡುತ್ತಿದ್ದಾರೆಂದು ತಿರುಗಿ ನೋಡಿದರು. ಕೊನೆಯ ಸಾಲಿನವರೆಗೂ ಹಾಡಿದೆ.